ಕೆಎ ನಂಬರಿನ ಕಾರು ಪುಣೆಗೆ ತಂದಿದ್ದೀರಾ? ಇದನ್ನು ಓದಿ

ಪುಣೆಗೆ ಹೊಸದಾಗಿ ಬಂದವರು ನಮ್ಮ ಕನ್ನಡ ಸಂಘಕ್ಕೆ ಬಂದಾಗ ಮಕ್ಕಳ ಶಾಲೆ ವಿಷಯ ಮುಗಿದ ಮೇಲೆ ಕೇಳುವುದು ಇದನ್ನೇ: "ನಮ್ಮ ಗಾಡಿ ಕೆಎ ನಂಬರು, ಇಲ್ಲಿ ಓಡಿಸಬಹುದಾ? ಪೊಲೀಸರು ಹಿಡೀತಾರಾ?" ಓಡಿಸಬಹುದು. ಹಿಡಿದರೂ ಹೆದರಬೇಕಿಲ್ಲ. ಆದರೆ ನಿಯಮ ಏನು ಅಂತ ಗೊತ್ತಿರಬೇಕು, ಕೈಯಲ್ಲಿ ನಾಲ್ಕು ಕಾಗದ ಇರಬೇಕು.

1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುವುದು ಇಷ್ಟು. ಒಂದು ರಾಜ್ಯದಲ್ಲಿ ನೋಂದಣಿಯಾದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿನ ಹೊಸ ನಂಬರಿಗೆ ಅರ್ಜಿ ಹಾಕಬೇಕು. ಇದು ಗಾಡಿ ಬಂದ ದಿನದಿಂದ ಲೆಕ್ಕ, ನೀವು ಕೆಲಸಕ್ಕೆ ಸೇರಿದ ದಿನದಿಂದ ಅಲ್ಲ. ಎಷ್ಟೋ ಜನ ಮೊದಲು ಒಬ್ಬರೇ ಬಂದು ಪಿಜಿಯಲ್ಲಿ ಇರುತ್ತಾರೆ, ಮನೆ ಸಿಕ್ಕಮೇಲೆ ದಸರೆಗೋ ದೀಪಾವಳಿಗೋ ಊರಿಗೆ ಹೋದಾಗ ಕಾರು ತರುತ್ತಾರೆ. ಅವರಿಗೆ ವರ್ಷ ಶುರುವಾಗುವುದು ಆವಾಗಿನಿಂದ.

ಹಾಗಾದರೆ ಯಾವಾಗ ತಂದಿರಿ ಅನ್ನುವುದಕ್ಕೆ ಸಾಕ್ಷಿ ಬೇಕಲ್ವಾ? ಫಾಸ್ಟ್ಯಾಗ್ ಇದೆಯಲ್ಲ. ಬೆಳಗಾವಿ ಕಡೆಯಿಂದ ಬಂದವರಿಗೆ ಕಾಗಲ್ ದಾಟಿದ ಮೇಲೆ ಕಿಣಿ, ತಾಸವಡೆ, ಆನೇವಾಡಿ, ಖೇಡ್ ಶಿವಾಪುರ, ಒಂದೊಂದು ಟೋಲಿನಲ್ಲೂ ತಾರೀಖು ಸಮೇತ ದುಡ್ಡು ಕಟ್ಟಾಗಿರುತ್ತದೆ. ಕಲಬುರಗಿ, ವಿಜಯಪುರದಿಂದ ಸೊಲ್ಲಾಪುರ ಮೇಲೆ ಬಂದವರಿಗೂ ಅಷ್ಟೇ. ಆ ತಿಂಗಳ ಸ್ಟೇಟ್‌ಮೆಂಟನ್ನು ಈಗಲೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಆಮೇಲೆ ಹಳೆಯದು ಹುಡುಕುವುದು ತಲೆನೋವು. ಕಾರನ್ನು ಲಾರಿ ಮೇಲೆ ಹಾಕಿಸಿ ತರಿಸಿದವರಿಗೆ ಟೋಲ್ ಸಾಕ್ಷಿ ಇರುವುದಿಲ್ಲ, ಅವರು ಟ್ರಾನ್ಸ್‌ಪೋರ್ಟಿನವರ ಪಾವತಿ ರಸೀದಿಯನ್ನು ಜೋಪಾನ ಮಾಡಬೇಕು.

ರಸ್ತೆಯಲ್ಲಿ ಕೈ ಅಡ್ಡ ಮಾಡಿ "ಲೈಸನ್ಸ್ ದಾಖವಾ" ಅಂದರೆ ಗಾಡಿ ಬದಿಗೆ ಹಾಕಿ, ಕಾಗದ ತೋರಿಸಿ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿರುವ ಆರ್‌ಸಿ, ಲೈಸೆನ್ಸ್ ನಡೆಯುತ್ತದೆ, ಅಸಲು ಕಾಗದ ಹೊತ್ತುಕೊಂಡು ತಿರುಗಬೇಕಿಲ್ಲ. ವಾಟ್ಸಾಪಿನಲ್ಲಿರುವ ಫೋಟೊ ಮಾತ್ರ ಲೆಕ್ಕಕ್ಕಿಲ್ಲ. ವಿಮೆ, ಹೊಗೆ ತಪಾಸಣೆ ಪತ್ರ ಚಾಲ್ತಿಯಲ್ಲಿರಲಿ. ಕರ್ನಾಟಕದಲ್ಲಿ ಮಾಡಿಸಿದ ಹೊಗೆ ಪತ್ರ ಇಲ್ಲೂ ಆಗುತ್ತದೆ, ಅವಧಿ ಮುಗಿದರೆ ಪೆಟ್ರೋಲ್ ಪಂಪಿನ ಪಕ್ಕದ ವ್ಯಾನಿನಲ್ಲಿ ಮಾಡಿಸಿ. ಕರ್ನಾಟಕದ ಲೈಸೆನ್ಸ್ ದೇಶಕ್ಕೆಲ್ಲ ನಡೆಯುತ್ತದೆ, ಅದನ್ನು ಬದಲಾಯಿಸುವ ಗಡಿಬಿಡಿ ಬೇಡ.

ಮೊದಲು ತೀರ್ಮಾನ, ಆಮೇಲೆ ಎನ್‌ಒಸಿ

ನಮ್ಮ ಸಲಹೆ ನೇರವಾಗಿದೆ: ಬಂದ ತಕ್ಷಣ ಎನ್‌ಒಸಿಗೆ, ಅಂದರೆ ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯಲು ಊರಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರಕ್ಕೆ, ಓಡಬೇಡಿ. ಐಟಿ ಕೆಲಸ, ಕಾಂಟ್ರ್ಯಾಕ್ಟ್ ಕೆಲಸ ಅಂದಮೇಲೆ ಎಷ್ಟೋ ಮನೆಯವರು ವರ್ಷದೊಳಗೆ ಬೆಂಗಳೂರಿಗೆ ವಾಪಸ್ ಹೋಗುತ್ತಾರೆ, ಇಲ್ಲ ಹೈದರಾಬಾದಿಗೆ ಹೋಗುತ್ತಾರೆ. ಎನ್‌ಒಸಿ ತೆಗೆಸಿ ಇಲ್ಲಿ ನೋಂದಣಿ ಮಾಡಿಸದೆ ಬಿಟ್ಟರೆ ಗಾಡಿ ಅತ್ತಲೂ ಇಲ್ಲ ಇತ್ತಲೂ ಇಲ್ಲ. ವಾಪಸ್ ಹೋಗುವಾಗ ಇಲ್ಲಿ ನೋಂದಣಿ ಆಗಿಲ್ಲ ಅಂತ ಇಲ್ಲಿನ ಆರ್‌ಟಿಒದಿಂದ ಬರೆಸಿಕೊಂಡು ಹೋಗಿ ಅಲ್ಲಿ ಎನ್‌ಒಸಿ ರದ್ದು ಮಾಡಿಸಬೇಕು. ಸುಮ್ನೆ ಎರಡು ಕಡೆ ಅಲೆದಾಟ. ಮೊದಲ ಐದಾರು ತಿಂಗಳು ಇರುತ್ತೀವಾ ಹೋಗುತ್ತೀವಾ ನೋಡಿ. ಇರುವುದೇ ಅಂತಾದರೆ ವರ್ಷ ತುಂಬುವವರೆಗೆ ಕಾಯಬೇಡಿ.

ಗಾಡಿ ಎಂಟು ಹತ್ತು ವರ್ಷ ಹಳೆಯದಾಗಿದ್ದರೆ ಇನ್ನೊಂದು ದಾರಿಯೂ ಯೋಚಿಸಿ: ಊರಲ್ಲೇ ಮಾರಿ ಇಲ್ಲಿ ಎಂಎಚ್ ನಂಬರಿನದೇ ಒಂದು ಕೊಳ್ಳುವುದು. ಹಳೇ ಕಾರಿಗೆ ಓಡಾಟ, ತೆರಿಗೆ, ಏಜೆಂಟನ ದುಡ್ಡು ಎಲ್ಲ ಸೇರಿಸಿದರೆ ಗಿಟ್ಟುವುದಿಲ್ಲ. ಅದೂ ಅಲ್ಲದೆ ಮಹಾರಾಷ್ಟ್ರದಲ್ಲಿ 15 ವರ್ಷ ದಾಟಿದ ಖಾಸಗಿ ಗಾಡಿಗೆ ಪರಿಸರ ತೆರಿಗೆ ಬೇರೆ ಇದೆ. ಅಪ್ಪ ಕೊಡಿಸಿದ ಕಾರು, ಮಾರಲಾರೆ ಅನ್ನುವವರಿಗೆ ನಾವೇನೂ ಹೇಳುವುದಿಲ್ಲ.

ಎನ್‌ಒಸಿ ಅರ್ಜಿ ಫಾರ್ಮ್ 28. ಪರಿವಾಹನ್ ಪೋರ್ಟಲ್‌ನಲ್ಲಿ ತುಂಬಿ, ಗಾಡಿ ನೋಂದಣಿಯಾದ ಕರ್ನಾಟಕದ ಆರ್‌ಟಿಒಗೆ ಕೊಡಬೇಕು. ಇಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದು ಫಾರ್ಮಿನಲ್ಲಲ್ಲ, ಅದಕ್ಕೂ ಮೊದಲು. ಆರ್‌ಸಿಗೆ ಜೋಡಿಸಿದ ಮೊಬೈಲ್ ನಂಬರು ಯಾವುದು ನೋಡಿ. ಎಷ್ಟೋ ಗಾಡಿಗಳಿಗೆ ಶೋರೂಮಿನವರು ತಮ್ಮದೇ ನಂಬರು ಹಾಕಿರುತ್ತಾರೆ, ಇಲ್ಲವೇ ನೀವು ಬಿಟ್ಟುಬಿಟ್ಟ ಹಳೇ ಸಿಮ್ಮಿನದು ಇರುತ್ತದೆ. ಓಟಿಪಿ ಅಲ್ಲಿಗೆ ಹೋಗುತ್ತದೆ, ನೀವು ಪರದೆ ನೋಡುತ್ತಾ ಕೂರುತ್ತೀರಿ. ಅದನ್ನು ಮೊದಲು ಸರಿಮಾಡಿಸಿ. ಆಮೇಲೆ ದಂಡ. ಬೆಂಗಳೂರಿನ ಸಿಗ್ನಲ್ ಕ್ಯಾಮೆರಾ ಹಿಡಿದ ಹಳೇ ಚಲನ್‌ಗಳು ಬಾಕಿ ಇದ್ದರೆ ಎಲ್ಲ ತೀರಿಸಿ. 2023ರ ಫೆಬ್ರವರಿಯಲ್ಲಿ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿದ್ದರು, ಮತ್ತೆ ಕೊಡುತ್ತಾರೆ ಅಂತ ಕಾಯುವವರು ಇದ್ದಾರೆ, ಅವರ ಎನ್‌ಒಸಿಯೂ ಕಾಯುತ್ತದೆ. ಸಾಲ ಇದ್ದರೆ ಬೇರೆ ರಾಜ್ಯಕ್ಕೆ ಒಯ್ಯಲು ಅಡ್ಡಿಯಿಲ್ಲ ಅಂತ ಬ್ಯಾಂಕಿನಿಂದ ಪತ್ರ ಬೇಕು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇರುತ್ತದೆ, ಫಾರ್ಮ್ 35 ಕೊಟ್ಟು ತೆಗೆಸಬೇಕು. ಗಾಡಿ ಕಳವಿನದಲ್ಲ ಅಂತ ಪೊಲೀಸ್ ದಾಖಲೆಯಲ್ಲೂ ನೋಡುತ್ತಾರೆ.

ಎನ್‌ಒಸಿಯಲ್ಲಿ ಯಾವ ಆರ್‌ಟಿಒಗೆ ಅಂತ ಬರೆಯಬೇಕು, ಅದು ಮುಖ್ಯ. ಕೋಥ್ರೂಡ್, ಹಡಪ್ಸರ್, ಕಾತ್ರಜ್ ಕಡೆಯವರಿಗೆ ಪುಣೆ, ಎಂಎಚ್-12. ಚಿಂಚ್‌ವಡ್, ನಿಗಡಿ, ಭೋಸರಿ, ವಾಕಡ್ ಕಡೆಯವರಿಗೆ ಪಿಂಪ್ರಿ-ಚಿಂಚ್‌ವಡ್, ಎಂಎಚ್-14. ಊರಿನ ಅಂಚಿನ ಹೊಸ ಸೊಸೈಟಿಗಳಲ್ಲಿ ಇರುವವರು ಪಕ್ಕದ ಮನೆಯವರ ಕಾರಿನ ನಂಬರು ನೋಡಿ ಬರೆಯಬೇಡಿ, ಅವರು ಬೇರೆ ಏರಿಯಾದಲ್ಲಿದ್ದಾಗ ಕೊಂಡಿರಬಹುದು. ಆರ್‌ಟಿಒದಲ್ಲೇ ಕೇಳಿ ಬರೆಯಿರಿ. ಬಾಡಿಗೆ ಮನೆ ಬದಲಾಯಿಸುವ ಯೋಚನೆ ಇದ್ದರೆ ಮೊದಲು ಮನೆ ಬದಲಾಯಿಸಿ. ಮುಂಬಯಿಗೆ ಹೋಗುವವರಿಗೂ ಇದೇ ಮಾತು: ತಾಡದೇವ್ 01, ಅಂಧೇರಿ 02, ವಡಾಳಾ 03, ಬೊರಿವಲಿ 47, ಠಾಣೆ 04, ವಾಶಿ 43.

ಇಲ್ಲಿ ಬಂದ ಮೇಲೆ

ಇಲ್ಲಿ ಬೇಕಾಗುವ ಅರ್ಜಿ ಫಾರ್ಮ್ 27, ಅಂದರೆ ಹೊಸ ನಂಬರು ಕೊಡಿ ಅಂತ ಕೇಳುವುದು. ಜೊತೆಗೆ ಎನ್‌ಒಸಿ, ಆರ್‌ಸಿ, ವಿಮೆ, ಹೊಗೆ ಪತ್ರ, ಗಾಡಿ ಕೊಂಡಾಗಿನ ಬಿಲ್ಲು, ಇಲ್ಲಿನ ವಿಳಾಸಕ್ಕೆ ಪುರಾವೆ. ವಿಳಾಸಕ್ಕೆ ಬಾಡಿಗೆ ಕರಾರು ಸಾಕು, ಆದರೆ ನೋಂದಣಿಯಾದದ್ದು ಬೇಕು. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರನ್ನು ನೋಂದಣಿ ಮಾಡಿಸುವುದು ಕಡ್ಡಾಯ, 11 ತಿಂಗಳಿನದಾದರೂ. ನಮ್ಮಲ್ಲಿಯ ಹಾಗೆ ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿ ನೋಟರಿ ಸಹಿ ಹಾಕಿಸಿದ್ದು ಇಲ್ಲಿ ಮುಂದೆ ಹೋಗುವುದಿಲ್ಲ. ಮನೆ ಮಾಲೀಕರು "ಯಾಕೆ ಬೇಕು ಬಿಡಿ" ಅಂದರೆ ಒಪ್ಪಬೇಡಿ. ಗ್ಯಾಸಿಗೂ ಬೇಕು, ಮಕ್ಕಳ ಶಾಲೆಗೂ ಬೇಕು.

ಹೆಸರಿನ ಗೊಂದಲ ಒಂದಿದೆ. ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ಅಡ್ಡಹೆಸರು ಇರುತ್ತದೆ, ತೊಂದರೆ ಕಮ್ಮಿ. ಮೈಸೂರು, ತುಮಕೂರು ಕಡೆಯವರ ಆರ್‌ಸಿಯಲ್ಲಿ ಎರಡು ಇನಿಶಿಯಲ್ ಮತ್ತು ಹೆಸರು, ಆಧಾರ್‌ನಲ್ಲಿ ಅದೇ ಇನಿಶಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ. ಇಲ್ಲಿ ಕೌಂಟರಿನಲ್ಲಿ ಕೂತವರಿಗೆ ನಿಮ್ಮ ಹೆಸರು, ಅಪ್ಪನ ಹೆಸರು, ಆಡನಾವ (ಅಡ್ಡಹೆಸರು) ಅನ್ನುವ ಕ್ರಮ ಅಭ್ಯಾಸ. ಇಬ್ಬರೂ ಒಬ್ಬರೇನಾ ಅಂತ ಕೇಳುತ್ತಾರೆ, ತಪ್ಪೇನಿಲ್ಲ. ಎರಡೂ ಹೆಸರು ಒಬ್ಬರದೇ ಅನ್ನುವ ಅಫಿಡವಿಟ್ ಒಂದು ಮಾಡಿಸಿಟ್ಟುಕೊಂಡರೆ ಬ್ಯಾಂಕಿನಲ್ಲೂ ಉಪಯೋಗಕ್ಕೆ ಬರುತ್ತದೆ.

ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. ಅವರು ನೋಡುವುದು ಮುಖ್ಯವಾಗಿ ಚಾಸಿ ನಂಬರು ಆರ್‌ಸಿಗೆ ಹೊಂದುತ್ತಾ ಅಂತ. ಅದರ ಪೆನ್ಸಿಲ್ ಅಚ್ಚು ಫಾರ್ಮಿಗೆ ಅಂಟಿಸಬೇಕು. ಮನೆಯಲ್ಲೇ ತೆಗೆಯಬಹುದು. ಚಾಸಿ ನಂಬರು ಕೆಲವು ಕಾರುಗಳಲ್ಲಿ ಬಾನೆಟ್ ಒಳಗೆ ಇರುತ್ತದೆ, ಕೆಲವದರಲ್ಲಿ ಮುಂದಿನ ಸೀಟು ಹಿಂದಕ್ಕೆ ಸರಿಸಿ ಕಾರ್ಪೆಟ್ಟಿನಲ್ಲಿರುವ ಚಿಕ್ಕ ಮುಚ್ಚಳ ಎತ್ತಿದರೆ ಕಾಣುತ್ತದೆ. ಹಳೇ ಬನಿಯನ್ ಬಟ್ಟೆಗೆ ಚೂರು ಸೀಮೆಎಣ್ಣೆಯೋ ಪೆಟ್ರೋಲೋ ಹಚ್ಚಿ ಜಿಡ್ಡು ಒರೆಸಿ, ಒಣಗಲು ಬಿಡಿ. ಮೆತ್ತಗಿನ ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಅಕ್ಷರಗಳ ಮೇಲೆ ಉಜ್ಜಿ, ಮೇಲೆ ಅಗಲದ ಪಾರದರ್ಶಕ ಟೇಪ್ ಅಂಟಿಸಿ, ಉಗುರಿನಿಂದ ಒತ್ತಿ, ನಿಧಾನಕ್ಕೆ ಎತ್ತಿ. ಹದಿನೇಳು ಅಕ್ಷರವೂ ಬಂದಿವೆಯಾ ಎಣಿಸಿ. ಮೂರ್ನಾಲ್ಕು ಅಚ್ಚು ತೆಗೆದಿಟ್ಟುಕೊಳ್ಳಿ. ಆರ್‌ಟಿಒ ಗೇಟಿನ ಹತ್ತಿರ ಇದನ್ನೇ ಮಾಡಿಕೊಡುವವರು ನಿಂತಿರುತ್ತಾರೆ, ನಿಮ್ಮ ಕೈಯಲ್ಲಿ ಆಗದಿದ್ದರೆ ಅವರಿದ್ದಾರೆ.

ಏಜೆಂಟ್ ಬೇಕಾ? ರಜೆ ಸಿಗದವರಿಗೆ ತಪಾಸಣೆ ದಿನದ ಮಟ್ಟಿಗೆ ಆಗಬಹುದು, ಬೇಡ ಅನ್ನುವುದಿಲ್ಲ. ಒಂದೇ ಎಚ್ಚರಿಕೆ: ಒಂದು ಕಟ್ಟು ಫಾರ್ಮು ಮುಂದಿಟ್ಟು "ಸಾಹೇಬ್, ಎಲ್ಲದಕ್ಕೂ ಸಹಿ ಹಾಕಿ" ಅಂದಾಗ ಮೇಲಿನ ನಂಬರು ಓದಿ. ಫಾರ್ಮ್ 29 ಮತ್ತು 30 ಗಾಡಿ ಮಾರುವಾಗ ಹಾಕುವ ಸಹಿ. ನಿಮ್ಮ ಗಾಡಿ ನಿಮ್ಮ ಹೆಸರಲ್ಲೇ ಉಳಿಯುವಾಗ ಅವು ಯಾಕೆ ಬೇಕು? ಖಾಲಿ ಫಾರ್ಮಿಗೆ ಸಹಿ ಹಾಕಲೇಬೇಡಿ, ಎಷ್ಟೇ ಪರಿಚಯದವನಾದರೂ ಸರಿ.

ದುಡ್ಡಿನ ಮಾತು

ಮಹಾರಾಷ್ಟ್ರದಲ್ಲಿ ಹೊಸ ಪೆಟ್ರೋಲ್ ಕಾರಿಗೆ ಒಂದೇ ಸಲದ ತೆರಿಗೆ 10 ಲಕ್ಷದವರೆಗೆ 11%, 20 ಲಕ್ಷದವರೆಗೆ 12%, ಅದರ ಮೇಲೆ 13%. ಡೀಸೆಲ್ಲಿಗೆ 13, 14, 15%. ಹೊರರಾಜ್ಯದಿಂದ ಬಂದ ಹಳೇ ಕಾರಿಗೆ ವಯಸ್ಸು ನೋಡಿ ಇಳಿಸುತ್ತಾರೆ. ಕೊಂಡಾಗಿನ ಬಿಲ್ಲು ಬೇಕು ಅಂದಿದ್ದು ಇದಕ್ಕೇ, ಕಳೆದಿದ್ದರೆ ಶೋರೂಮಿನಿಂದ ನಕಲು ತರಿಸಿ. ಕಂಪನಿ ಹೆಸರಿನಲ್ಲಿರುವ ಕಾರಿಗೆ ದರ ಇನ್ನೂ ಜಾಸ್ತಿ.

ನೀವು ಕರ್ನಾಟಕದಲ್ಲಿ ಆಗಲೇ ಆಜೀವ ತೆರಿಗೆ ಕಟ್ಟಿದ್ದೀರಿ, ಅದೂ ದೊಡ್ಡ ಮೊತ್ತ. 8 ಲಕ್ಷದ ಕಾರಿಗೆ ಅಲ್ಲಿ 14%, ಅಂದರೆ 1,12,000, ಮೇಲೆ ಸೆಸ್. ಗಾಡಿ ರಾಜ್ಯ ಬಿಟ್ಟು ಹೋದಮೇಲೆ ಉಳಿದ ವರ್ಷಗಳ ಪಾಲು ವಾಪಸ್ ಕೇಳಬಹುದು. ಕಾರು ಹಳೆಯದಾದಷ್ಟು ಬರುವುದು ಕಮ್ಮಿ. ಮೊದಲು ಇಲ್ಲಿ ಕಟ್ಟಿ, ಹೊಸ ಆರ್‌ಸಿ ಬಂದಮೇಲೆ ಅದರ ನಕಲು, ತೆರಿಗೆ ಪಾವತಿ ರಸೀದಿ, ಎನ್‌ಒಸಿ ನಕಲು, ಬ್ಯಾಂಕ್ ವಿವರ ಸೇರಿಸಿ ಅಲ್ಲಿನ ಆರ್‌ಟಿಒಗೆ ಅರ್ಜಿ ಕೊಡಬೇಕು. ಅಂದರೆ ಸ್ವಲ್ಪ ದಿನ ಎರಡೂ ಕಡೆ ನಿಮ್ಮ ದುಡ್ಡು ಇರುತ್ತದೆ, ಅದಕ್ಕೆ ತಯಾರಾಗಿರಿ. ಇಲ್ಲಿ ನಂಬರು ಬಂದ ಖುಷಿಯಲ್ಲಿ ಈ ಅರ್ಜಿಯನ್ನು ಮರೆತುಬಿಡುವವರೇ ಜಾಸ್ತಿ. ಎನ್‌ಒಸಿ ತೆಗೆಸಲು ಊರಿಗೆ ಹೋದಾಗಲೇ ರೀಫಂಡ್ ಫಾರ್ಮು ತಂದಿಟ್ಟುಕೊಳ್ಳಿ. ಇದಕ್ಕೆ ಏಜೆಂಟ್ ಬೇಡ, ಅಣ್ಣನೋ ಭಾವನೋ ಊರಲ್ಲಿದ್ದರೆ ಅವರ ಕೈಲಿ ಕೊಟ್ಟು ಕಳಿಸಿ, ಸ್ವೀಕೃತಿ ಪತ್ರ ತಪ್ಪದೆ ತರಿಸಿ.

ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲಾಯಿಸುವ ನೌಕರಿಯಾದರೆ ಬಿಎಚ್ (ಭಾರತ್) ಸರಣಿ ನೋಡಿ, ರಾಜ್ಯ ಬದಲಾದರೂ ನಂಬರು ಬದಲಾಯಿಸಬೇಕಿಲ್ಲ. 2021ರಲ್ಲಿ ಬಂತು. ಸರ್ಕಾರಿ ನೌಕರರು, ಸೈನ್ಯದವರು, ನಾಲ್ಕು ಅಥವಾ ಜಾಸ್ತಿ ರಾಜ್ಯಗಳಲ್ಲಿ ಆಫೀಸಿರುವ ಖಾಸಗಿ ಕಂಪನಿಯವರು ಪಡೆಯಬಹುದು. ತೆರಿಗೆ ಎರಡೆರಡು ವರ್ಷಕ್ಕೆ. ಖಾಸಗಿಯವರಿಗೆ ಕಂಪನಿಯಿಂದ ಫಾರ್ಮ್ 60 ಬೇಕು, ಎಚ್‌ಆರ್ ಹಿಂದೆ ಬೀಳಬೇಕು. 2022ರ ಡಿಸೆಂಬರಿನ ತಿದ್ದುಪಡಿ ಆದಮೇಲೆ ಮಾಮೂಲಿ ನಂಬರಿನ ಕಾರನ್ನೂ ಇದಕ್ಕೆ ಬದಲಾಯಿಸಲು ಅವಕಾಶ ಇದೆ. ಪುಣೆಯಲ್ಲೇ ಮನೆ ಕೊಂಡು ನೆಲೆ ನಿಲ್ಲುವವರಿಗೆ ಇದರ ಅಗತ್ಯ ಕಾಣುವುದಿಲ್ಲ.

ಹೊಸ ನಂಬರು ಬಂದ ವಾರದಲ್ಲೇ ಮೂರು ಕೆಲಸ. ಹೊಸ ಎಚ್‌ಎಸ್‌ಆರ್‌ಪಿ (ಹೆಚ್ಚು ಭದ್ರತೆಯ) ನಂಬರ್ ಪ್ಲೇಟ್ ಹಾಕಿಸಿ. ವಿಮೆ ಕಂಪನಿಗೆ ಹೊಸ ನಂಬರು, ವಿಳಾಸ ತಿಳಿಸಿ ಪಾಲಿಸಿಯಲ್ಲಿ ಬರೆಸಿ, ಇಲ್ಲದಿದ್ದರೆ ಕ್ಲೇಮಿನ ದಿನ ಜಗಳ. ಪುಣೆ ವಿಮೆಯ ಎ ವಲಯದ ಎಂಟು ನಗರಗಳಲ್ಲಿ ಒಂದು, ಬೆಂಗಳೂರೂ ಅದರಲ್ಲೇ ಇದೆ. ಧಾರವಾಡ, ದಾವಣಗೆರೆಯಿಂದ ಬಂದವರಿಗೆ ಪ್ರೀಮಿಯಂ ಚೂರು ಏರಿದರೆ ಗಾಬರಿಯಾಗಬೇಡಿ. ಫಾಸ್ಟ್ಯಾಗಿನಲ್ಲೂ ನಂಬರು ಬದಲಾಯಿಸಿ, ಇಲ್ಲದಿದ್ದರೆ ಮುಂದಿನ ಸಲ ಊರಿಗೆ ಹೊರಟಾಗ ಖೇಡ್ ಶಿವಾಪುರದಲ್ಲೇ ಹಿಂದಿನವರ ಹಾರ್ನ್ ಕೇಳಬೇಕಾಗುತ್ತದೆ. ಸೊಸೈಟಿಯ ಗೇಟಿನ ಪುಸ್ತಕದಲ್ಲೂ ಹೊಸ ನಂಬರು ಬರೆಸಿಬಿಡಿ.