ಪರಸಿ ಮೇಲೆ ಓತಿಕ್ಯಾತ ಅಡಗಿಸುವ ಚಿತ್ರಕಲೆ

ಮಕ್ಕಳು ಕಾಗದದ ಓತಿಕ್ಯಾತಕ್ಕೆ ಕಲ್ಲಿನದೇ ಬಣ್ಣ ಹಚ್ಚಿ, ಕತ್ತರಿಸಿ, ಆ ಕಲ್ಲಿನ ಮೇಲೇ ಕಣ್ಣಿಗೆ ಬೀಳದಂತೆ ಅಂಟಿಸುವ ಚಟುವಟಿಕೆ ಇದು. ಚಿತ್ರಕ್ಕಿಂತ ಮೊದಲು ಜಾಗ ಆರಿಸಿ. ಕಲಬುರಗಿ ಕಡೆಯ ಶಾಲೆಯಾದರೆ ನೆಲದ ಬೂದು ಪರಸಿ, ಅಂದರೆ ಶಹಾಬಾದ್ ಕಲ್ಲು. ಬೀದರಿನಲ್ಲಾದರೆ ಕೆಂಪು ಜಂಬಿಟ್ಟಿಗೆ ಗೋಡೆ. (ಕೋಟೆ ಗೋಡೆಗೆ ಮಾತ್ರ ಏನನ್ನೂ ಅಂಟಿಸಬೇಡಿ, ಅದು ಸಂರಕ್ಷಿತ ಸ್ಮಾರಕ.)

ಡ್ರಾಯಿಂಗ್ ಶೀಟಿನಲ್ಲಿ ಮೇಲಿನಿಂದ ಕಂಡಂತೆ, ಬಾಲ ಸೇರಿ 15 ಸೆಂ.ಮೀ. ಉದ್ದದ ಓತಿಕ್ಯಾತವನ್ನು ಪೆನ್ಸಿಲಿನಲ್ಲಿ ತೆಳುವಾಗಿ ಬಿಡಿಸಲಿ. ಕಪ್ಪು ಸ್ಕೆಚ್ ಪೆನ್ ಕೊಡಲೇಬೇಡಿ. ಅಂಚಿಗೆ ಗೆರೆ ಎಳೆದರೆ ಬಣ್ಣ ಎಷ್ಟೇ ಹೊಂದಿದರೂ ಕಣ್ಣು ಆಕಾರವನ್ನು ಹಿಡಿದುಬಿಡುತ್ತದೆ.

ನಿಜವಾದ ಕೆಲಸ ಬಣ್ಣ ಕಲಸುವುದರಲ್ಲಿದೆ. ಪರಸಿಗೆ 5 ಪಾಲು ಬಿಳಿ ಪೋಸ್ಟರ್ ಕಲರ್, 1 ಪಾಲು ಕಪ್ಪು, ಕಡ್ಡಿ ತುದಿಯಷ್ಟು ನೀಲಿ. ಕಪ್ಪನ್ನು ಒಮ್ಮೆಲೇ ಸುರಿಯದೆ ಹನಿಹನಿಯಾಗಿ ಸೇರಿಸಿ. ಜಂಬಿಟ್ಟಿಗೆಗೆ ಇಟ್ಟಿಗೆ ಕೆಂಪು, ಸ್ವಲ್ಪ ಹಳದಿ, ಮೇಲೆ ಕಡುಕಂದು ಚುಕ್ಕಿಗಳು. ಆ ಕಲ್ಲಿನ ತೂತುಗಳೇ ಅದರ ಗುರುತು. ಪೋಸ್ಟರ್ ಕಲರ್ ಒಣಗಿದಾಗ ಛಾಯೆ ಬದಲಾಗುತ್ತದೆ. ಹಾಗಾಗಿ ಚೂರು ಕಾಗದಕ್ಕೆ ಹಚ್ಚಿ, ಒಣಗಿಸಿ, ಕಲ್ಲಿನ ಪಕ್ಕ ಹಿಡಿದು ನೋಡಿ. ಕಲ್ಲಿನ ಒರಟುತನ ಕುಂಚದಿಂದ ಬರುವುದಿಲ್ಲ. ಹಿಂಡಿದ ಸ್ಪಂಜಿನ ತುಂಡಿನಿಂದ ತಟ್ಟಿ. ಕಲ್ಲುಗಳ ನಡುವಿನ ಸಂದು ದೇಹದ ಮೇಲೂ ಮುಂದುವರಿಯಲಿ.

ಕತ್ತರಿಸಿದ ಮೇಲೆ ಬಿಳಿ ಅಂಚಿಗೂ ಬಣ್ಣ ಹಚ್ಚಿ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಅಲ್ಲೇ. ನೀರು ಹೆಚ್ಚಾದರೆ ಕಾಗದ ಸುರುಳಿಯಾಗಿ ಎದ್ದು ನೆರಳು ಬೀಳುತ್ತದೆ. ಒಣಗಿದ ಚಿತ್ರವನ್ನು ದಪ್ಪ ಪುಸ್ತಕದಡಿ ಒಂದು ರಾತ್ರಿ ಇಟ್ಟು, ಕಾಲು, ಬಾಲದ ತುದಿಗೂ ಟೇಪಿನ ಸುರುಳಿ ಹಾಕಿ ಅಂಟಿಸಿ.

ಬೇರೆ ತರಗತಿಯ ಮಕ್ಕಳನ್ನು 3 ಮೀಟರ್ ದೂರ ನಿಲ್ಲಿಸಿ ಹುಡುಕಿಸಿ. ಓತಿಕ್ಯಾತದ ಕಣ್ಣಿನಿಂದ ಗುರುತು ಸಿಕ್ಕರೆ, ಆ ಕಣ್ಣಿನ ಮೇಲೆ ಹಾಯುವಂತೆ ಒಂದು ಕಪ್ಪು ಪಟ್ಟೆ ಎಳೆಯಿರಿ.