ಮೈಕ್ ಮುಂದೆ ನನ್ನ ಬಾಯಿ ಹಿಡಿತಕ್ಕೆ ಬಂದಿದ್ದು ಹೀಗೆ

ನಾನು ಗಾಲ್ಫ್ ಆಡಿ ಬದುಕುವವನು. ಕಳೆದ ಎರಡು ಸೀಸನ್‌ನಲ್ಲಿ ಟಿವಿ ಕ್ಯಾಮೆರಾ ಇದ್ದ ಸುತ್ತು ಏಳೋ ಎಂಟೋ ಆಡಿದ್ದೇನೆ. ಒಂದರಲ್ಲೂ ನನ್ನ ಬಾಯಿಂದ ಕೆಟ್ಟ ಮಾತು ಬಂದಿಲ್ಲ. ನನ್ನ ಜೊತೆ ಆಡಿದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು. "ಹುಟ್ಟುಗುಣ ಸುಟ್ಟರೂ ಹೋಗಲ್ಲ, ಬಿಡು" ಅಂದವರೇ ಈಗ ಫೋನ್ ಮಾಡಿ ಏನು ಮಾಡಿದೆ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ಸುಮಾರು ನಾಲ್ಕು ವರ್ಷದ ಹಿಂದೆ ಉತ್ತರದ ಕಡೆ ಒಂದು ಟೂರ್ನಿ. ಹೆಸರು ಬೇಡ. ಮೂರನೇ ದಿನ, ಮೊದಲ ಹತ್ತರೊಳಗೆ ಇದ್ದೆ, ಲೈವ್ ಬರುತ್ತಿತ್ತು. ಹದಿನೈದನೇ ಹೋಲ್‌ನಲ್ಲಿ ಪಾರ್‌ಗೆ (ಆ ಹೋಲ್‌ಗೆ ಅಂತ ಇಟ್ಟ ಶಾಟ್ ಲೆಕ್ಕ) ಮೂರಡಿ ಪಟ್ ಉಳಿದಿತ್ತು, ಅಂದರೆ ಚೆಂಡನ್ನು ಮೆಲ್ಲಗೆ ಕಪ್ಪಿಗೆ ತಳ್ಳೋದು. ಚೆಂಡು ಕಪ್ಪಿನ ಅಂಚು ಸುತ್ತಿ ಹೊರಗೆ ಬಂತು. ನಾನು ಚೆಂಡು, ಚೆಂಡಿನ ತಾಯಿ, ಗ್ರೀನ್ (ಕಪ್ಪಿನ ಸುತ್ತಲಿನ ನುಣುಪು ಹುಲ್ಲು) ಕತ್ತರಿಸಿದವನ ವಂಶ ಎಲ್ಲ ಸೇರಿಸಿ ಅಚ್ಚ ಕನ್ನಡದಲ್ಲಿ ಬೈದೆ. ಅಲ್ಲಿ ಯಾರಿಗೂ ಕನ್ನಡ ಬರಲ್ಲ ಅನ್ನೋ ಧೈರ್ಯ. ಅದೇ ಸಿಟ್ಟಲ್ಲಿ ಉಳಿದ ಒಂದೂವರೆ ಅಡಿಯನ್ನು ಒಂದೇ ಕೈಯಲ್ಲಿ ತಳ್ಳಿದೆ. ಅದೂ ಹೋಗಲಿಲ್ಲ. ಡಬಲ್, ಅಂದರೆ ಪಾರ್‌ಗಿಂತ ಎರಡು ಶಾಟ್ ಜಾಸ್ತಿ. ಆಮೇಲಿನ ಮೂರು ಹೋಲ್‌ನಲ್ಲಿ ಇನ್ನೂ ಮೂರು ಶಾಟ್ ಕಳೆದೆ. ಮಾರನೇ ದಿನವೂ ತಲೆ ನೆಟ್ಟಗೆ ಇರಲಿಲ್ಲ. ಮೂವತ್ತರ ಆಚೆಗೆ ಬಿದ್ದೆ. ಬರಬೇಕಿದ್ದ ದುಡ್ಡಿನಲ್ಲಿ ಒಂದೂವರೆ ಲಕ್ಷ ಹೋಯಿತು ಅಂತ ನನ್ನ ಲೆಕ್ಕ. ಮೇಲೆ ದಂಡ ಹತ್ತು ಸಾವಿರ.

ಇತ್ತ ಸುಂಟಿಕೊಪ್ಪದ ಮನೆಯಲ್ಲಿ ಅಮ್ಮ, ಅಕ್ಕ, ಅಕ್ಕಪಕ್ಕದ ಮಕ್ಕಳು ಎಲ್ಲ ಟಿವಿ ಮುಂದೆ ಕೂತಿದ್ದರು. ಕಾಮೆಂಟರಿಯವರಿಗೆ ಅರ್ಥ ಆಗಲಿಲ್ಲ. ಅಮ್ಮನಿಗೆ ಆಯಿತು. ಊರಿಗೆ ಬಂದ ದಿನ ಊಟ ಬಡಿಸುತ್ತಾ, "ಯಾರ ತಾಯಿಗೆ ಮಗ ನೀನು ಬೈದದ್ದು?" ಅಂದರು. ಅಷ್ಟೇ. ದಂಡಕ್ಕಿಂತ ಅದು ಜಾಸ್ತಿ ತಾಗಿತು.

ನನ್ನ ಟೋಪಿ ಮೇಲೆ ತಮ್ಮ ಕಂಪನಿ ಹೆಸರು ಹಾಕಿಸಿದ್ದ ಒಬ್ಬರು ವರ್ಷಕ್ಕೆ ಎರಡು ಲಕ್ಷ ಕೊಡುತ್ತಿದ್ದರು. ಆ ವರ್ಷ ಮುಗಿದ ಮೇಲೆ ಫೋನ್ ಎತ್ತಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. 2021ರ ಜನವರಿಯಲ್ಲಿ ಹವಾಯಿಯ ಕಪಾಲುವಾದಲ್ಲಿ ಜಸ್ಟಿನ್ ಥಾಮಸ್ ಒಂದು ಚಿಕ್ಕ ಪಟ್ ತಪ್ಪಿಸಿ ತನಗೆ ತಾನೇ ಗೊಣಗಿಕೊಂಡ ಒಂದೇ ಒಂದು ಪದ ಮೈಕ್‌ಗೆ ಸಿಕ್ಕಿತ್ತು. ಸಲಿಂಗಿಗಳನ್ನು ಹೀನಾಯ ಮಾಡುವ ಪದ ಅದು. ಅವತ್ತೇ ಕ್ಷಮೆ ಕೇಳಿದರು. ಆದರೂ ಅವರಿಗೆ ದುಡ್ಡು ಕೊಡುತ್ತಿದ್ದ ಬಟ್ಟೆ ಕಂಪನಿ ರಾಲ್ಫ್ ಲಾರೆನ್ ಕೈಬಿಟ್ಟಿತು. ಅಷ್ಟು ದೊಡ್ಡ ಆಟಗಾರನ ಪಾಡೇ ಹಾಗಾದರೆ ನಮ್ಮದೇನು ಹೇಳಿ.

ನಮ್ಮವರಲ್ಲಿ ಒಂದು ನಂಬಿಕೆ ಇದೆ. ಸಿಟ್ಟಿದ್ದವನೇ ಗೆಲ್ಲುತ್ತಾನೆ, ಟೈಗರ್ ವುಡ್ಸ್‌ನ ನೋಡು, ಅಂತ. ನೋಡಿ ಪರವಾಗಿಲ್ಲ, ಪೂರ್ತಿ ನೋಡಿ. 2010ರ ಮಾಸ್ಟರ್ಸ್ ಟೂರ್ನಿಗೆ ಮುಂಚೆ ಮೈದಾನದಲ್ಲಿ ಕೂಗಾಡೋದನ್ನು ಕಡಿಮೆ ಮಾಡುತ್ತೇನೆ ಅಂತ ಟೈಗರ್ ಎಲ್ಲರ ಎದುರು ಹೇಳಿದ್ದರು. ಅದೇ ವಾರ ಅವರ ಬೈಗುಳ ಟಿವಿಯಲ್ಲಿ ಬಂತು. ಮರುವರ್ಷ ದುಬೈನಲ್ಲಿ ಗ್ರೀನ್ ಮೇಲೆ ಉಗಿದು ದಂಡ ಕಟ್ಟಿದರು. ಬರೀ ನಿರ್ಧಾರದಿಂದ ಬಾಯಿ ನಿಲ್ಲಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನನಗೆ ಆಸೆ ಹುಟ್ಟಿಸಿದ್ದು ಬಾಬಿ ಜೋನ್ಸ್. 1921ರ ಬ್ರಿಟಿಷ್ ಓಪನ್‌ನಲ್ಲಿ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ, ಮೂರನೇ ಸುತ್ತಿನ ನಡುವೆಯೇ ಸಿಟ್ಟಿನಿಂದ ಆಟ ಬಿಟ್ಟು ಹೋದ ಹುಡುಗ. ಅದೇ ಮೈದಾನದಲ್ಲಿ 1927ರಲ್ಲಿ ಅದೇ ಓಪನ್ ಗೆದ್ದ. ಅಂದರೆ ಬದಲಾಗಬಹುದು, ಅಲ್ವಾ?

ನನ್ನ ಮೊದಲ ಪ್ರಯತ್ನ, ಸುಮ್ನೆ ಬಾಯಿ ಮುಚ್ಚಿಕೊಂಡಿರೋದು. ಮಡಿಕೇರಿಯಲ್ಲಿ ಒಂಬತ್ತು ಹೋಲ್ ತಡೆದೆ. ಹತ್ತನೆಯದರಲ್ಲಿ ವೆಜ್ ಅನ್ನೋ ಕೋಲನ್ನು ಬ್ಯಾಗಿಗೆ ಹೊಡೆದೆ, ಅದರ ಹಿಡಿಕೋಲು ಮುರಿಯಿತು. ಹೊಸದಕ್ಕೆ ನಾಲ್ಕೂವರೆ ಸಾವಿರ. ಸಿಟ್ಟಲ್ಲಿ ಮುರಿದದ್ದನ್ನು ಆ ಸುತ್ತಿನಲ್ಲಿ ಬದಲಾಯಿಸೋ ಹಾಗಿಲ್ಲ ಅಂತ ನಮ್ಮ ಆಟದ ನಿಯಮ.

ಆಮೇಲೆ ಹುಂಡಿ. ಒಂದು ಬೈಗುಳಕ್ಕೆ ನೂರು ರೂಪಾಯಿ. ಮೊದಲ ತಿಂಗಳೇ ಮೂರು ಸಾವಿರದ ಎಂಟುನೂರೋ ಏನೋ ಬಿತ್ತು. ದುಡ್ಡು ಕೊಟ್ಟಾಯಿತಲ್ಲ ಅಂತ ಇನ್ನೂ ಧಾರಾಳವಾಗಿ ಬೈಯುತ್ತಿದ್ದೆ. ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಎಳೆದು ಬಿಡೋದನ್ನೂ ಮಾಡಿದೆ. ಕೈಗೆ ಬರೆ ಬಂತು, ಬೇರೇನೂ ಆಗಲಿಲ್ಲ. ಮೈಸೂರಿನಲ್ಲಿ ಒಬ್ಬರ ಹತ್ತಿರ ಆರು ಸಲ ಹೋಗಿ ಕಣ್ಣು ಮುಚ್ಚಿ ಕೂತು ಬಂದೆ. ಒಂದು ಸಲಕ್ಕೆ ಸಾವಿರದ ಇನ್ನೂರು, ಬಸ್ಸಿನ ಖರ್ಚು ಬೇರೆ. ಮೈಸೂರಿನಲ್ಲಿ ಶಾಂತವಾಗಿರುತ್ತಿದ್ದೆ. ಗ್ರೀನ್‌ಗೆ ಬಂದರೆ ಮತ್ತೆ ಅದೇ.

ಟೈಗರ್‌ನ ಹತ್ತು ಹೆಜ್ಜೆ ನಿಯಮ ಆಟಗಾರರಿಗೆಲ್ಲ ಗೊತ್ತು. ಕೆಟ್ಟ ಶಾಟ್ ಆದ ಮೇಲೆ ಹತ್ತು ಹೆಜ್ಜೆ ತನಕ ಸಿಟ್ಟಾಗು, ಆಮೇಲೆ ಬಿಟ್ಟುಬಿಡು. ದೂರಕ್ಕೆ ಹೊಡೆದ ಮೊದಲ ಶಾಟ್ ಕಾಡಿಗೆ ಹೋದರೆ ಇದು ಚೆನ್ನಾಗಿ ಕೆಲಸ ಮಾಡುತ್ತೆ, ಸುಳ್ಳು ಹೇಳಲ್ಲ. ಆದರೂ ನನ್ನ ಬಾಯಿ ನಿಲ್ಲಲಿಲ್ಲ. ಯಾಕೆ ಅಂತ ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು.

ಮಾಡಿದ್ದು ಇಷ್ಟೇ. ಪ್ರಾಕ್ಟೀಸ್ ಸುತ್ತಿನಲ್ಲಿ ಜೇಬಲ್ಲಿ ಫೋನ್ ಇಟ್ಟು ಧ್ವನಿ ರೆಕಾರ್ಡ್ ಮಾಡಿದೆ. ರಾತ್ರಿ ಕೂತು ಕೇಳಿ ಬರೆದುಕೊಂಡೆ. ಹದಿನೆಂಟು ಹೋಲ್‌ಗೆ ಸುಮಾರು ಮೂವತ್ತು ಬೈಗುಳ. ಅದರಲ್ಲಿ ಇಪ್ಪತ್ತು ಇಪ್ಪತ್ತೆರಡು ಗ್ರೀನ್ ಮೇಲೆ, ನಾಲ್ಕಡಿಯ ಒಳಗಿನ ಪಟ್ ತಪ್ಪಿದಾಗ. ಅಲ್ಲಿ ಹತ್ತು ಹೆಜ್ಜೆ ಹಾಕೋಕೆ ಜಾಗ ಎಲ್ಲಿದೆ? ಚೆಂಡು ಕಾಲಬುಡದಲ್ಲೇ ಇರುತ್ತೆ. ಒಂದೂವರೆ ಅಡಿ ತಳ್ಳಬೇಕು. ಸಿಟ್ಟು ಇಳಿಯುವ ಮೊದಲೇ ಮುಂದಿನ ಶಾಟ್ ಬಂದಿರುತ್ತೆ. ಥಾಮಸ್ ಬಾಯಿ ಜಾರಿದ್ದೂ ಅಲ್ಲೇ. 1983ರ ಓಪನ್‌ನಲ್ಲಿ ಹೇಲ್ ಇರ್ವಿನ್ ಎರಡು ಇಂಚಿನ ಪಟ್ ಅನ್ನು ಹಿಂಗೈಯಲ್ಲಿ ತಳ್ಳಲು ಹೋಗಿ ಚೆಂಡಿಗೆ ತಾಗಿಸಲೇ ಇಲ್ಲ. ಕೊನೆಗೆ ಟಾಮ್ ವಾಟ್ಸನ್‌ಗಿಂತ ಹಿಂದೆ ಉಳಿದಿದ್ದು ಒಂದೇ ಒಂದು ಶಾಟ್. ಆ ಎರಡು ಇಂಚು ನನ್ನ ತಲೆಯಲ್ಲಿ ತುಂಬಾ ದಿನ ಕೊರೆಯಿತು.

ದಾರಿ ಸಿಕ್ಕಿದ್ದು ಹಾಕಿಯಿಂದ. ಕೊಡಗಲ್ಲಿ ಇರೋರಿಗೆ ಹಾಕಿ ಬಿಟ್ಟು ಬೇರೆ ಎಲ್ಲಿಂದ ಸಿಗಬೇಕು! ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಂಪೈರ್ ಮಾಡಿದ ಒಬ್ಬ ಹಿರಿಯರು ನಮ್ಮ ಪಕ್ಕದ ತೋಟದವರು. ಅವರು ಕೇಳಿದರು, "ಹಸಿರು ಕಾರ್ಡ್ ತೋರಿಸಿದರೆ ಹುಡುಗ 2 ನಿಮಿಷ ಹೊರಗೆ ಕೂರ್ತಾನೆ. ಬುದ್ಧಿ ಬರೋದು ಕಾರ್ಡಿಂದ ಅಲ್ಲ, ಕೂರೋದರಿಂದ. ನಿಮ್ಮ ಆಟದಲ್ಲಿ ಹೊರಗೆ ಕೂರಿಸೋದು ಯಾರು?" ಯಾರೂ ಇಲ್ಲ. ನಮ್ಮಲ್ಲಿ ಆಯೋಜಕರು ನಡತೆ ನಿಯಮ ಮಾಡಿ ಶಾಟ್ ದಂಡ ಹಾಕಬಹುದು. ಹೊರಗೆ ಕೂರಿಸಲ್ಲ. ಹಾಗಾದರೆ ನಾನೇ ನನ್ನನ್ನು ಹೊರಗೆ ಹಾಕಬೇಕು.

ಅದಕ್ಕೆ ಮಾರ್ಕರ್, ಅಂದರೆ ಗ್ರೀನ್ ಮೇಲೆ ಚೆಂಡು ಎತ್ತುವಾಗ ಅದರ ಜಾಗಕ್ಕೆ ಇಡುವ ಗುರುತು. ತಪ್ಪಿದ ಪಟ್ ಆದ ಮೇಲೆ ಆರು ಇಂಚು ಉಳಿದಿದ್ದರೂ ಸರಿ, ನಾನು ಮಾರ್ಕ್ ಮಾಡಿ ಚೆಂಡು ಎತ್ತುತ್ತೇನೆ. ಒಂದು ಹಳೆಯ ದಪ್ಪ ನಾಣ್ಯ ಎಡಜೇಬಲ್ಲಿ ಇರುತ್ತೆ. ಅದನ್ನು ತೆಗೆಯಬೇಕು, ಪೂರ್ತಿ ಕುಕ್ಕರಗಾಲಲ್ಲಿ ಕೂರಬೇಕು, ಕೂರುವಾಗ ಉಸಿರು ಪೂರ್ತಿ ಹೊರಗೆ ಬಿಡಬೇಕು. ಉಸಿರೇ ಇಲ್ಲದೆ ಯಾರೂ ಕೂಗೋಕೆ ಆಗಲ್ಲ, ಮಾಡಿ ನೋಡಿ. ನಾಣ್ಯ ಹುಲ್ಲಿಗೆ ತಾಗಿದರೆ ಆ ಪಟ್ ಮುಗಿಯಿತು. ಎದ್ದು ಎರಡು ಹೆಜ್ಜೆ ಹಿಂದೆ ಹೋಗಿ ಕ್ಯಾಡಿಗೆ, ಅಂದರೆ ನನ್ನ ಬ್ಯಾಗ್ ಹೊರುವ ಹುಡುಗನಿಗೆ, ಚೆಂಡು ಕೊಡುತ್ತೇನೆ. ಅವನು ಒರೆಸಿ ವಾಪಸ್ ಕೊಡುವಾಗ ಒಂದು ಪ್ರಶ್ನೆ ಕೇಳುತ್ತಾನೆ. ಆ ಪ್ರಶ್ನೆ ಏನು ಅಂತ ಇಲ್ಲಿ ಹೇಳಲ್ಲ. ನಾನಿನ್ನೂ ಆಡಿ ಬದುಕಬೇಕು.

ಎಲ್ಲರೂ ತಲೆ ಅಲ್ಲಾಡಿಸಿದರು. ಆರು ಇಂಚಿಗೆ ಮಾರ್ಕ್ ಮಾಡ್ತಾನಲ್ಲ, ಜೊತೆಯವರಿಗೆ ಕಾಯೋ ಕೆಲಸ, ಆಟ ನಿಧಾನ ಆಗುತ್ತೆ ಅಂದರು. ನನ್ನ ಅಕ್ಕನ ಮಗನೇ ನನ್ನ ಕ್ಯಾಡಿ. ಅವನೂ ಮೊದಲು, "ಮಾವ, ನೀವು ಇದನ್ನ ಟಿವಿ ಮುಂದೆ ಮಾಡಿದರೆ ಭಯ ಬಿದ್ದಿದ್ದಾರೆ ಅಂದ್ಕೋತಾರೆ" ಅಂದ. ಗಡಿಯಾರ ಇಟ್ಟು ಅಳೆದೆವು. ಜಾಸ್ತಿ ಆಗೋದು ಹದಿನೈದು ಸೆಕೆಂಡ್. ಒಂದು ಶಾಟ್‌ಗೆ 40 ಸೆಕೆಂಡ್ ಒಳಗೆ ಅಂತ ನಿಯಮ ಪುಸ್ತಕ ಸಲಹೆ ಕೊಡುತ್ತೆ. ಅದರೊಳಗೇ ಆರಾಮಾಗಿ ಮುಗಿಯುತ್ತೆ.

ಇನ್ನು ಪದದ ವಿಷಯ. ನಾಣ್ಯ ಒಂದರಿಂದಲೇ ಆಗಲ್ಲ, ಬಾಯಿಗೂ ಏನಾದರೂ ಕೊಡಬೇಕು. ರಾಮ ರಾಮ, ಶಿವ ಶಿವ ಎರಡನ್ನೂ ನೋಡಿದೆ. ತುಂಬಾ ಮೆತ್ತಗೆ. ದೇವರ ಹೆಸರನ್ನು ಸಿಟ್ಟಲ್ಲಿ ಹೇಳೋದು ಮನಸ್ಸಿಗೂ ಬರಲಿಲ್ಲ. ಕೊನೆಗೆ ನಿಂತಿದ್ದು 'ಕಾಂಡಕೊರಕ'. ಅರೇಬಿಕಾ ಕಾಫಿ ಬೆಳೆದವರಿಗೆ ಗಿಡದ ಕಾಂಡ ಕೊರೆಯುವ ಈ ಹುಳದ ಮೇಲೆ ಎಷ್ಟು ಸಿಟ್ಟು ಅಂತ ಹೇಳಬೇಕಿಲ್ಲ. ಅಪ್ಪ ಬೇರು ಸಮೇತ ಕಿತ್ತು ಸುಟ್ಟ ಗಿಡ ಮುನ್ನೂರಕ್ಕೆ ಕಡಿಮೆ ಇಲ್ಲ. ಗಿಡದ ತೊಗಟೆ ಉಜ್ಜಿ ಉಜ್ಜಿ ಕೈ ಸವೆದಿತ್ತು ಅವರದು. ಆ ಪದದಲ್ಲಿ ಗಟ್ಟಿಯಾದ 'ಕ' ಮೂರು ಇದೆ, ನಡುವೆ ಒಂದು 'ಡ'. ಹಲ್ಲು ಕಚ್ಚಿ ಹೇಳಿದರೆ ಒಳಗಿರೋದು ನಿಜವಾಗಲೂ ಹೊರಗೆ ಬರುತ್ತೆ. ಮೈಕ್‌ಗೆ ಸಿಕ್ಕಿದರೂ ಯಾರ ತಾಯಿಗೂ ತಾಗಲ್ಲ.

ಇದರಲ್ಲೇ ಒಂದು ಪಕ್ಕದ ಪ್ರಯೋಗ ಮಾಡಿದೆ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ತಂಡ 2009ರಲ್ಲಿ ತೋರಿಸಿದ್ದು ಇದು: ಬೈಯುತ್ತಾ ಇದ್ದವರು ಐಸ್ ನೀರಲ್ಲಿ ಕೈಯನ್ನು ಜಾಸ್ತಿ ಹೊತ್ತು ಇಡುತ್ತಾರೆ. ಕುಶಾಲನಗರದ ಮೀನು ಅಂಗಡಿಯಿಂದ ಐಸ್ ತಂದು ನಾನೂ ಕೈ ಇಟ್ಟೆ. ಸುಮ್ಮನಿದ್ದಾಗ ಒಂದು ನಿಮಿಷ ಚಿಲ್ಲರೆ. ಹಳೆಯ ಬೈಗುಳ ಹೇಳಿದಾಗ ಎರಡು ನಿಮಿಷದ ಹತ್ತಿರ. ಕಾಂಡಕೊರಕಕ್ಕೆ ಒಂದೂವರೆ. ಅದೇ ಸ್ಟೀಫನ್ಸ್ 2020ರಲ್ಲಿ ಹೊಸದಾಗಿ ಕಟ್ಟಿದ ಸುಳ್ಳು ಬೈಗುಳಗಳನ್ನು ಕೊಟ್ಟು ನೋಡಿದಾಗ ನೋವು ತಡೆಯೋಕೆ ಲಾಭ ಸಿಗಲಿಲ್ಲ. ಅದಕ್ಕೇ ನಾನು ಹೇಳೋದು, ಪದ ಕಟ್ಟಬೇಡಿ. ನೀವು ನಿಜವಾಗಲೂ ದ್ವೇಷ ಮಾಡೋ ವಸ್ತುವಿನ ಹೆಸರು ತಗೊಳ್ಳಿ. ಮನುಷ್ಯರದ್ದು ಮಾತ್ರ ಬೇಡ.

ಕಾಫಿ ಬಿಟ್ಟರೆ ಸಿಟ್ಟು ಇಳಿಯುತ್ತೆ ಅಂತ ಯಾರೋ ಹೇಳಿದ್ದರು. ಹತ್ತು ದಿನ ಬಿಟ್ಟೆ. ತಲೆನೋವು ಬಂತು, ಬೈಗುಳ ಒಂದೂ ಕಡಿಮೆ ಆಗಲಿಲ್ಲ. ಹೊಟ್ಟೆಯ ವಿಷಯ ಮಾತ್ರ ನಿಜ. ಹದಿಮೂರನೇ ಹೋಲ್‌ನಲ್ಲಿ ಬಾಳೆಹಣ್ಣು ತಿಂದ ದಿನ ಕೊನೆಯ ಐದು ಹೋಲ್‌ನಲ್ಲಿ ಬೈಗುಳ ಅರ್ಧಕ್ಕೆ ಇಳಿಯಿತು. ನನ್ನ ರೆಕಾರ್ಡಿಂಗ್‌ನಲ್ಲಿ ಹಾಗೇ ಕಾಣುತ್ತೆ. ಹಸಿವನ್ನು ನಾವು ಸಿಟ್ಟು ಅಂದುಕೊಳ್ಳುತ್ತೇವೆ.

ದೂರದ ಶಾಟ್‌ಗೆ ಗ್ಲೌಸ್ ಸಾಕು. ಪಟ್ಟಿ ಪರ್ ಅಂತ ಬಿಚ್ಚುವಾಗ ಎಷ್ಟು ಬೇಕೋ ಅಷ್ಟು ಸಿಟ್ಟು. ಜೇಬಿಗೆ ಹೋದ ಮೇಲೆ ಇಲ್ಲ. ಇದರಲ್ಲಿ ಬೇರೆ ಹೇಳೋದೇನಿಲ್ಲ.

ಎಲ್ಲಕ್ಕಿಂತ ಜಾಸ್ತಿ ಸಮಯ ಹಿಡಿದಿದ್ದು ಇದನ್ನು ರೂಢಿಗೆ ತರೋದು. ಕ್ಯಾಮೆರಾ ಬಂದ ದಿನ ಶುರು ಮಾಡಿದರೆ ಆಗಲ್ಲ. ಪ್ರಾಕ್ಟೀಸ್‌ನಲ್ಲಿ ಬೈದದ್ದೇ ಟಿವಿಯಲ್ಲಿ ಬರೋದು. ಜೂನ್‌ನಿಂದ ಆಗಸ್ಟ್ ತನಕ ನಮ್ಮಲ್ಲಿ ಮಳೆ, ಆಟ ಇಲ್ಲ. ಆ ಮೂರು ತಿಂಗಳು ಗೋಡೌನಲ್ಲಿ ಕಾಫಿ ಮೂಟೆಗಳ ನಡುವೆ ಮ್ಯಾಟ್ ಹಾಸಿ ದಿನಕ್ಕೆ ನೂರು ಪಟ್. ಬೇಕಂತಲೇ ಕಪ್ಪು ಚಿಕ್ಕದು ಮಾಡಿದ್ದೆ, ತಪ್ಪಲೇಬೇಕು ಅಂತ. ತಪ್ಪಿದಾಗೆಲ್ಲ ನಾಣ್ಯ, ಕುಕ್ಕರಗಾಲು, ಉಸಿರು. ಎರಡು ಮಳೆಗಾಲ ಬೇಕಾಯಿತು. ಮ್ಯಾಟಿಗೆ ಆರು ಸಾವಿರ, ಮಂಡಿನೋವಿಗೆ ಎಣ್ಣೆ ಬೇರೆ.

ಫಲ ಸಿಕ್ಕಿದ್ದು ಕಳೆದ ವರ್ಷ. ಲೈವ್ ಇತ್ತು, ಕೊನೆಯ ದಿನ, ಮತ್ತೆ ಮೂರಡಿಯ ಪಟ್ ತಪ್ಪಿತು. ಮೈಕ್ ಹಿಡಿದ ಹುಡುಗ ಹತ್ತು ಅಡಿ ದೂರ ಇದ್ದ. ನಾಣ್ಯ ತೆಗೆದೆ, ಕೂತೆ, ಹುಳದ ಹೆಸರು ಹೇಳಿದೆ, ಎದ್ದೆ. ಉಳಿದದ್ದನ್ನು ಹಾಕಿದೆ. ಮುಂದಿನ ಎರಡು ಹೋಲ್‌ನಲ್ಲಿ ಬರ್ಡಿ, ಅಂದರೆ ಪಾರ್‌ಗಿಂತ ಒಂದು ಶಾಟ್ ಕಡಿಮೆ. ಆ ವಾರ ಬಂದ ಚೆಕ್ ನನ್ನ ಜೀವನದಲ್ಲಿ ಎರಡನೇ ದೊಡ್ಡದು. ಜೊತೆಗೆ ಆಡಿದ ತಮಿಳುನಾಡಿನ ಹುಡುಗ ಸ್ಕೋರ್‌ಕಾರ್ಡ್ ಬರೆಯುವಾಗ, ನೀವು ಕೂತಾಗ ಹೇಳಿದ್ದು ಮಂತ್ರವಾ ಅಂತ ಕೇಳಿದ. ಅಮ್ಮನೂ ನೋಡಿದ್ದರು. ಈ ಸಲ ನಾನು ಊರಿಗೆ ಬರೋ ತನಕ ಕಾಯಲಿಲ್ಲ, ಅದೇ ಸಂಜೆ ಫೋನ್ ಮಾಡಿ ಅಂಗಿ ಯಾಕೆ ಅಷ್ಟು ಸಡಿಲ, ಸರಿಯಾಗಿ ಉಣ್ಣುತ್ತಿಲ್ಲವಾ ಅಂತ ಕೇಳಿದರು.

ಒಂದು ಕಡೆ ಮಾತ್ರ ಇನ್ನೂ ಗೆದ್ದಿಲ್ಲ. ಪಾರ್ ತ್ರೀ ಅನ್ನೋ ಚಿಕ್ಕ ಹೋಲ್‌ನ ಟೀ ಮೇಲೆ, ಅಂದರೆ ಮೊದಲ ಶಾಟ್ ಹೊಡೆಯುವ ಜಾಗದಲ್ಲಿ, ಮುಂದಿನ ಗುಂಪಿಗಾಗಿ ಹತ್ತು ನಿಮಿಷ ಕಾಯಬೇಕಾದಾಗ ಹಳೆಯ ಶಾಟ್‌ಗಳೆಲ್ಲ ಒಂದೊಂದಾಗಿ ನೆನಪಿಗೆ ಬರುತ್ತವೆ. ಅಲ್ಲಿ ನಾಣ್ಯ ಇಡೋಕೆ ಚೆಂಡೇ ಇಲ್ಲ. ಈ ಮಳೆಗಾಲ ಅದಕ್ಕೆ ಎರಡು ಬೇರೆ ಬೇರೆ ವಿಧಾನ ನೋಡುತ್ತಿದ್ದೇನೆ, ಒಂದು ಕ್ಯಾಡಿಯ ಟವೆಲ್ ಇಟ್ಟುಕೊಂಡು. ಬಿಟ್ಟಂಗಾಲದ ಗಾಲ್ಫ್ ಮೈದಾನದಲ್ಲಿ ನೆಲ ಒಣಗಿದ ಮೇಲೆ ಅಲ್ಲಿ ಆಡಿ ನೋಡಬೇಕು.