ಜವಾರಿ ಕೋಳಿ ತೊಡೆಯಲ್ಲಿ ಸಿಟ್ರೇಟ್ ಸಿಂಥೇಸ್: ನನ್ನ ಅನುಭವ

ಸಿಟ್ರೇಟ್ ಸಿಂಥೇಸ್ ಎಂದರೆ ಅಸಿಟೈಲ್ ಕೋಎ, ಆಕ್ಸಲೋಅಸಿಟೇಟ್ ಎರಡನ್ನೂ ಕೂಡಿಸಿ ಸಿಟ್ರೇಟ್ ಮಾಡುವ ಎಂಜೈಮು; ಇರುವುದು ಜೀವಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯದಲ್ಲಿ. ಅದನ್ನು ಅಳೆಯಲು ಕಿಟ್ ಇಲ್ಲ, ಪ್ಲೇಟ್ ರೀಡರ್ ಇಲ್ಲ, ಮೇಲೆ ವಿಜಯಪುರದ ಮೇ ತಿಂಗಳು. ಆಗದ ಕೆಲಸ ಅಂದವರೇ ಹೆಚ್ಚು. ಆಯಿತು. ಬಣ್ಣ ಎಷ್ಟು ಗಾಢ ಎಂದು ಅಳೆಯುವ ಹಳೆಯ ಸ್ಪೆಕ್ಟ್ರೋಫೋಟೋಮೀಟರ್, 412 ನ್ಯಾನೋಮೀಟರ್, ಮೊಬೈಲಿನ ಸ್ಟಾಪ್‌ವಾಚು, 30 ಸೆಕೆಂಡಿಗೊಂದು ರೀಡಿಂಗು, ಮೂರು ನಿಮಿಷ.

ಮೊದಲ ವಾರ ಪೂರಾ ಹಾಳು. ಆಕ್ಸಲೋಅಸಿಟೇಟ್ ಹಾಕುವ ಮೊದಲೇ ಕ್ಯುವೆಟ್ (ಅಳೆಯುವ ಪುಟ್ಟ ಪಾತ್ರೆ) ಹಳದಿ! ಎಂಜೈಮು ಕೆಲಸ ಮಾಡಿದಾಗ ಬಿಡುಗಡೆಯಾಗುವ ಕೋಎಯ ಥಯೋಲ್ (ಗಂಧಕ-ಹೈಡ್ರೋಜನ್ ಗುಂಪು) ಡಿಟಿಎನ್‌ಬಿ ಎಂಬ ರಾಸಾಯನಿಕದ ಜೊತೆ ಸೇರಿ ಹಳದಿ ಬರಿಸುತ್ತದೆ; ಅಳೆಯುವುದು ಆ ಹಳದಿಯನ್ನೇ. ಅರೆಯುವ ಬಫರಿನಲ್ಲಿ ಮರ್ಕ್ಯಾಪ್ಟೊಇಥನಾಲ್ ಇತ್ತು, ಅದೂ ಥಯೋಲೇ. ಡಿಟಿಎನ್‌ಬಿಗೆ ಥಯೋಲ್ ಯಾವುದಾದರೇನು. ಅದನ್ನು ಬಿಟ್ಟ ಮೇಲೆ ಇನ್ನೊಂದು ತಾಪತ್ರಯ: ಮುಂಜಾನೆ ಚೆಂದ ಬಂದ ವೇಗ ಮಧ್ಯಾಹ್ನಕ್ಕೆ ಕುಸಿಯಿತು. ನೀರಲ್ಲಿ ಕರಗಿಸಿಟ್ಟ ಆಕ್ಸಲೋಅಸಿಟೇಟ್ ತಾನೇ ಒಡೆದು ಪೈರುವೇಟ್ ಆಗುತ್ತದೆ. ಪುಡಿ ತೂಗಿಟ್ಟುಕೊಂಡು, ಬೇಕಾದಾಗಲೇ ಕರಗಿಸಿ ಐಸಿನಲ್ಲಿಡಿ.

ದುಡ್ಡೆಲ್ಲ ಅಸಿಟೈಲ್ ಕೋಎಗೆ ಹೋಗುತ್ತದೆ. ಎಲ್ಲರೂ 0.3 ಮಿಲಿಮೋಲಾರ್ ಹಾಕುತ್ತಾರೆ. ಹಾಗಾದರೆ 10 ಮಿಲಿಗ್ರಾಂ ಸೀಸೆ ಒಂದು ಎಂಎಲ್‌ನ ನಲವತ್ತು ಕ್ಯುವೆಟ್ಟಿಗೆ ಖಾಲಿ. 0.1ಕ್ಕೆ ಇಳಿಸಿದೆ. ಮೂರು ನಿಮಿಷಕ್ಕೆ ಅದು ಧಾರಾಳ, ಗೆರೆ ಬಾಗಲಿಲ್ಲ. ನೂರಿಪ್ಪತ್ತು ಕ್ಯುವೆಟ್ ದಕ್ಕಿದವು.

ಉಳಿದ ಮಿಶ್ರಣ ಎಂದಿನದೇ: ಟ್ರಿಸ್ ಬಫರ್ ಪಿಎಚ್ 8.1, ಡಿಟಿಎನ್‌ಬಿ 0.1, ಆಕ್ಸಲೋಅಸಿಟೇಟ್ 0.5 ಮಿಲಿಮೋಲಾರ್, ಪೊರೆ ಕರಗಿಸುವ ಸೋಪಿನಂಥ ಟ್ರೈಟಾನ್ 0.1 ಶೇಕಡ. ಟ್ರೈಟಾನ್ ಮರೆತರೆ ಎಂಜೈಮು ಮೈಟೊಕಾಂಡ್ರಿಯದೊಳಗೇ ಕೂತಿರುತ್ತದೆ. ಸ್ನಾಯು 50 ಮಿಲಿಗ್ರಾಂ ಒಂದು ಎಂಎಲ್ ಬಫರಿನಲ್ಲಿ. ಅದರಿಂದ 10 ಮೈಕ್ರೋಲೀಟರ್ ಸಾಕು. ಹೋಮೋಜಿನೈಸರ್ ಇಲ್ಲದೆ ನಾರು ನುಣ್ಣಗೆ ಅರೆದದ್ದು ಹೇಗೆ ಎಂಬುದೊಂದು ನನ್ನಲ್ಲೇ ಇರಲಿ. ಆಕ್ಸಲೋಅಸಿಟೇಟ್ ಹಾಕುವ ಮುಂಚಿನ ಎರಡು ನಿಮಿಷದ ಏರಿಕೆಯನ್ನು ಕಳೆಯದಿದ್ದರೆ ಲೆಕ್ಕ ಉಬ್ಬುತ್ತದೆ.

ಅಳೆಯಬೇಕಾದದ್ದು 30 ಡಿಗ್ರಿಯಲ್ಲಿ. ಕೋಣೆ 38 ಡಿಗ್ರಿ ಇರುವಾಗ ವಾಟರ್ ಬಾತ್ 30ಕ್ಕೆ ಇಳಿಯುವುದೆಲ್ಲಿಂದ? ಅದಕ್ಕಿರುವುದು ಬಿಸಿ ಮಾಡುವ ಕಾಯಿಲ್ ಮಾತ್ರ. ನೀರಿಗೆ ಐಸ್ ತುಂಡು ಹಾಕುತ್ತ, ಥರ್ಮಾಮೀಟರ್ ನೋಡುತ್ತ ಕೂರಬೇಕು. ಎರಡು ಡಿಗ್ರಿ ಹೆಚ್ಚಾದರೂ ನಿನ್ನೆಯ ಅಂಕಿಗೂ ಇವತ್ತಿನದಕ್ಕೂ ತಾಳೆಯಾಗದು.

ತೊಡೆಯ ಕೆಂಪು ಸ್ನಾಯುವಿನ ರೀಡಿಂಗು (ಅಬ್ಸಾರ್ಬೆನ್ಸ್) ನಿಮಿಷಕ್ಕೆ ಸುಮಾರು 0.17 ಏರಿತು, ಎದೆಯದು 0.07ರ ಆಸುಪಾಸು. ಆ ಹಳದಿ ಬಣ್ಣದ ಮಿಲಿಮೋಲಾರ್ ಗುಣಕ 13.6ರಿಂದ ಭಾಗಿಸಿ ಗ್ರಾಮಿಗೆ ತಂದರೆ 25 ಮತ್ತು 10 ಯೂನಿಟ್ (ಒಂದು ಯೂನಿಟ್ ಎಂದರೆ ನಿಮಿಷಕ್ಕೆ ಒಂದು ಮೈಕ್ರೋಮೋಲ್). ಓಡಾಡುವ ಕೋಳಿಯ ಕಾಲಿಗೂ ಹಾರದ ಎದೆಗೂ ಇಷ್ಟು ಅಂತರ ಸಹಜವೇ.

ಫ್ರೀಜರಿನಲ್ಲಿಟ್ಟ ಮಾಂಸದಲ್ಲೂ ಈ ಎಂಜೈಮು ಸಿಗುತ್ತದೆ, ಉಸಿರಾಟ ಅಳೆಯಲು ಮಾತ್ರ ತಾಜಾ ಮಾಂಸವೇ ಬೇಕು. ನಡುವೆ ಮೈಟೊಕಾಂಡ್ರಿಯದ್ದೇ ಇನ್ನೊಂದು ಎಂಜೈಮು, ಸಕ್ಸಿನೇಟ್ ಡಿಹೈಡ್ರೋಜಿನೇಸನ್ನೂ ನೋಡಿದೆ; ಅದು ಕೆಲಸ ಮಾಡಿದರೆ ಡಿಸಿಪಿಐಪಿ ಎಂಬ ಬಣ್ಣದ ನೀಲಿ ಇಳಿಯುತ್ತದೆ. ಸಕ್ಸಿನೇಟಿನ ಜಾಗಕ್ಕೆ ಪೈಪೋಟಿ ನಡೆಸುವ ಮ್ಯಾಲೊನೇಟ್ ಹಾಕಿದರೆ ಆ ನೀಲಿ ಇಳಿಯುವುದೇ ಇಲ್ಲ, ಸಕ್ಸಿನೇಟ್ ಹೆಚ್ಚಿಗೆ ಸುರಿದರೆ ಮತ್ತೆ ಇಳಿಯತೊಡಗುತ್ತದೆ. ಅಸಿಟೈಲ್ ಕೋಎ ಕೊಳ್ಳಲಾಗದವರು ಇದರಿಂದಲೇ ಶುರು ಮಾಡಬಹುದು.